ಮಗುವನ್ನು ಮನೆಯಲ್ಲೇ ಓದಿಸುವ ಯೋಚನೆ ಇದೆಯಾ? ಟಿಸಿ ತರುವ ಮೊದಲು ಇದನ್ನು ಓದಿ

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಭಾನುವಾರ ಬರುತ್ತಿರಲಿಲ್ಲ. ಮೊದಮೊದಲು ಓಮದ ಕಷಾಯ ಕೊಟ್ಟೆ. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹೊಟ್ಟೆ ಒತ್ತಿ ನೋಡಿದರು. ಮಗಳನ್ನು ಹೊರಗೆ ಕೂರಿಸಿ, "ಶಾಲೇಲಿ ಏನಾಗ್ತಿದೆ ಅಂತ ಕೇಳಿ ಅಮ್ಮ" ಅಂದರು.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿದೆವು. ನಾಲ್ಕರಿಂದ ಏಳನೇ ಕ್ಲಾಸಿನವರೆಗಿನ ನಾಲ್ಕು ವರ್ಷ ಅವಳು ಶಿವಮೊಗ್ಗದ ನಮ್ಮ ಮನೆಯಲ್ಲೇ ಓದಿದಳು. ಎಂಟಕ್ಕೆ ಮತ್ತೆ ಶಾಲೆಗೆ ಹೋದಳು. ಅವಳಿಗಿಂತ ಚಿಕ್ಕವನು ಮಗ. ಅವನು ಒಂದು ದಿನವೂ ಶಾಲೆ ತಪ್ಪಿಸಲು ಒಪ್ಪುತ್ತಿರಲಿಲ್ಲ, ಅವನನ್ನು ಬಿಡಿಸಲೂ ಇಲ್ಲ. ಒಂದೇ ಮನೆಯಲ್ಲಿ ಎರಡನ್ನೂ ನೋಡಿದ್ದೇನೆ. ಹಾಗಾಗಿ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುತ್ತಿರುತ್ತಾರೆ: "ನಾವೂ ಬಿಡಿಸಬಹುದಾ?"

ಕೆಲವು ಮಕ್ಕಳಿಗೆ, ಕೆಲವು ವರ್ಷಗಳಿಗೆ ಇದು ನಿಜವಾಗಿಯೂ ಒಳ್ಳೆಯದು. ಆದರೆ ವಾಪಸ್ ಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳದೆ ಬಿಡಿಸಬೇಡಿ. ಫೋನಿನಲ್ಲಿ ಮೊದಲಿಗೆ ಹೇಳುವ ಮಾತು ಇದೇ. ಉಳಿದದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಕಾರಣವನ್ನು ಒಂದು ಹಾಳೆಯಲ್ಲಿ ಬರೆಯಿರಿ

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ. ಆಮೇಲೆ ಅದಲು ಬದಲು ಮಾಡಿಕೊಂಡು ಓದಿ. ನಾವು ಹೀಗೆ ಮಾಡಿದಾಗ ನನ್ನ ಹಾಳೆಯಲ್ಲಿ "ಮಗಳು ನಗುವುದು ಕಡಿಮೆಯಾಗಿದೆ" ಅಂತಿತ್ತು. ನಮ್ಮವರ ಹಾಳೆಯಲ್ಲಿ "ಫೀಸು ಜಾಸ್ತಿ, ಕಲಿಸುವುದು ಕಡಿಮೆ" ಅಂತಿತ್ತು. ಎರಡೂ ನಿಜವೇ. ಆದರೆ ಎರಡಕ್ಕೂ ಮದ್ದು ಒಂದೇ ಅಲ್ಲ.

ಫೀಸಿನ ತೊಂದರೆಯಾದರೆ ಹತ್ತಿರದ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಒಬ್ಬರೇ ಟೀಚರ ಕಾಟವಾದರೆ ಹೆಡ್‌ಮಾಸ್ಟರ ಹತ್ತಿರ ಮಾತಾಡಿ. ಬೇರೆ ಮಕ್ಕಳು ಹಿಂಸೆ ಕೊಡುತ್ತಿದ್ದರೆ ಸೆಕ್ಷನ್ ಅಥವಾ ಶಾಲೆ ಬದಲಿಸಿ ನೋಡಿ. ಶಾಲೆ ಬದಲಿಸಿದರೆ ಸರಿಹೋಗುವುದಕ್ಕೆ ಶಾಲೆಯನ್ನೇ ಬಿಡಿಸುವುದು ಬೇಡ. ನಾವು ಮೂರನೇ ಕ್ಲಾಸಿನ ನಡುವೆಯೇ ಒಮ್ಮೆ ಶಾಲೆ ಬದಲಿಸಿದ್ದೆವು. ಹೊಟ್ಟೆನೋವು ಅಲ್ಲಿಗೂ ಬಂತು. ಆಮೇಲೆಯೇ ಈ ತೀರ್ಮಾನಕ್ಕೆ ಬಂದದ್ದು.

ಮಗುವಿಗೆ ತೀವ್ರ ಅಥವಾ ಬಹುವಿಧದ ಅಂಗವೈಕಲ್ಯ ಇದ್ದರೆ ನಿಮ್ಮ ದಾರಿಯೇ ಬೇರೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ಇಂಥ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಹಕ್ಕನ್ನು ಕೊಟ್ಟಿದ್ದಾರೆ. ನಮ್ಮಲ್ಲಿ ಇದನ್ನು ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ಮಗುವಿನ ಹೆಸರು ಶಾಲೆಯಲ್ಲೇ ಇರುತ್ತದೆ, ಬಿಐಇಆರ್‌ಟಿ ಅನ್ನುವ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರು ಮನೆಗೆ ಬಂದು ಕಲಿಸುತ್ತಾರೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಇದನ್ನೇ ಕೇಳಿ. ಸುಮ್ನೆ ಟಿಸಿ ತಂದುಬಿಡಬೇಡಿ.

ಹಗಲು ಯಾರದು?

ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾಕೆಂದರೆ ಉತ್ತರ ಎಲ್ಲರಿಗೂ ಗೊತ್ತು. ಅಮ್ಮನದು.

ಮನೆಯಲ್ಲಿ ಓದಿಸುವುದು ಅಂದರೆ ದಿನಕ್ಕೆ ಎರಡು ಗಂಟೆ ಪಾಠ ಹೇಳುವುದಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಬ್ಬರು ದೊಡ್ಡವರು ಮಗುವಿನ ಕೈಗೆ ಸಿಗುವ ಹಾಗೆ ಇರಬೇಕು. ನಾನು ಒಂದು ಆಫೀಸಿನಲ್ಲಿ ಅಕೌಂಟ್ಸ್ ಬರೆಯುತ್ತಿದ್ದೆ, ಬಿಟ್ಟೆ. ಹೋದ ಸಂಬಳವನ್ನು ಮನೆಶಾಲೆಯ ಖರ್ಚಿಗೆ ಸೇರಿಸಿ. "ಫೀಸು ಉಳಿಯಿತಲ್ಲ" ಅನ್ನುವವರು ಆ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ನಾಲ್ಕು ವರ್ಷದ ನಂತರ ಕೆಲಸ ಹುಡುಕಿದಾಗ ಹಳೆಯ ಸಂಬಳಕ್ಕಿಂತ ಕಡಿಮೆಗೆ ಒಪ್ಪಬೇಕಾಯಿತು. ಅದರ ಬಗ್ಗೆ ನನಗೆ ಬೇಸರ ಇದೆ, ಮುಚ್ಚಿಡುವುದಿಲ್ಲ.

ಆದ್ದರಿಂದ ಮೊದಲೇ ಕೂತು ಮಾತಾಡಿ. ವಾರದಲ್ಲಿ ಯಾವ ಹೊತ್ತು ಅಪ್ಪನದು? ನಮ್ಮಲ್ಲಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಪೂರ್ತಿ ಅವರದು. ವಿಜ್ಞಾನ, ಸೈಕಲ್ ರಿಪೇರಿ, ಊರು ಸುತ್ತುವುದು ಎಲ್ಲ ಅವರ ಪಾಲಿಗೆ. ಅತ್ತೆ ಮಧ್ಯಾಹ್ನ ಊಟದ ನಂತರ ಒಂದು ಗಂಟೆ ಒಪ್ಪಿಕೊಂಡರು. ಆ ಒಂದು ಗಂಟೆ ನಾನು ರೂಮಿನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಅದು ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ.

ಇಬ್ಬರೂ ದುಡಿಯಲೇಬೇಕಾದ ಮನೆಯಾಗಿದ್ದು, ಹಗಲು ಹೊತ್ತು ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಬಿಡಿಸಬೇಡಿ. ಹತ್ತು ವರ್ಷದ ಮಗುವನ್ನು ಟ್ಯಾಬ್ ಮುಂದೆ ಕೂರಿಸಿ ಹೋಗುವುದು ಮನೆಶಾಲೆಯಲ್ಲ. ನಮ್ಮ ಎರಡನೇ ವರ್ಷದಲ್ಲಿ ಕೊರೊನಾ ಬಂದು ಊರಿನ ಮಕ್ಕಳೆಲ್ಲ ಮನೆಯಲ್ಲೇ ಕೂತರು. ಆಗಿನ ಆನ್‌ಲೈನ್ ಕ್ಲಾಸು ನೋಡಿದವರು ಇದೂ ಹಾಗೇ ಅಂದುಕೊಂಡಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಕಾನೂನು ಏನು ಹೇಳುತ್ತದೆ

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರ 10ನೇ ಸೆಕ್ಷನ್ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ. ಸೇರಿಸದ ಪೋಷಕರಿಗೆ ದಂಡ ಅಥವಾ ಶಿಕ್ಷೆ ಅಂತ ಈ ಕಾಯ್ದೆಯಲ್ಲಿ ಬರೆದಿಲ್ಲ. ಹಾಗಂತ ಮನೆಶಾಲೆಗೆ ಅನುಮತಿ ಇದೆ ಅಂತಲೂ ಬರೆದಿಲ್ಲ. ನೋಂದಣಿ ಮಾಡಿಸಲು ಒಂದು ಕಚೇರಿ ಇಲ್ಲ, ತುಂಬಲು ಒಂದು ಫಾರಂ ಇಲ್ಲ.

ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿ 50 ರಾಜ್ಯಗಳಲ್ಲೂ ಮನೆಶಾಲೆ ಕಾನೂನುಬದ್ಧ. ಇಂಗ್ಲೆಂಡಿನಲ್ಲೂ ಅವಕಾಶ ಇದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಬಿಡುವುದೇ ಇಲ್ಲ. ಡಲ್ಲಾಸಿನಲ್ಲಿರುವ ಅಕ್ಕನೋ ತಂಗಿಯೋ ಹೇಳಿದ್ದನ್ನು ಇಲ್ಲಿಗೆ ಹಾಗೇ ತಂದುಕೊಳ್ಳಬೇಡಿ. ಅವರ ಊರಿನ ನಿಯಮ ಅವರದು.

ಟಿಸಿ ತೆಗೆದುಕೊಂಡು ಬೇರೆ ಕಡೆ ಸೇರಿಸದಿದ್ದರೆ ಮಗುವಿನ ಹೆಸರು "ಶಾಲೆಯಿಂದ ಹೊರಗುಳಿದ ಮಕ್ಕಳು" ಪಟ್ಟಿಗೆ ಹೋಗಬಹುದು. ಹತ್ತಿರದ ಶಾಲೆಯ ಮೇಷ್ಟ್ರೋ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯೋ ಮನೆ ಬಾಗಿಲಿಗೆ ಬಂದು ವಿಚಾರಿಸಬಹುದು. ನಮ್ಮ ಮನೆಗೆ ಎರಡು ಸಲ ಬಂದಿದ್ದರು. ದಯವಿಟ್ಟು ಅವರ ಜೊತೆ ಜಗಳ ಆಡಬೇಡಿ. ಮಗು ಇಟ್ಟಿಗೆ ಗೂಡಿಗೋ ಮನೆಗೆಲಸಕ್ಕೋ ಹೋಗುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಲು ಅವರು ಬರುತ್ತಾರೆ. ಆ ಕೆಲಸ ಈ ರಾಜ್ಯಕ್ಕೆ ಬೇಕು. ಒಳಗೆ ಕರೆದು ಕಾಫಿ ಕೊಟ್ಟು, ಮಗಳ ನೋಟ್‌ಬುಕ್ ತೋರಿಸಿದೆ. ಬಂದಿದ್ದ ಮೇಡಂ ಅರ್ಧ ಗಂಟೆ ಕೂತು ಅವಳ ಕೈಲಿ ಒಂದು ಪಾಠ ಓದಿಸಿ, ಭಾಗಾಕಾರ ಮಾಡಿಸಿ, "ಎಂಟನೇ ಕ್ಲಾಸಿಗಾದ್ರೂ ಶಾಲೆಗೆ ಕಳಿಸಿ" ಅಂತ ಹೇಳಿ ಹೋದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಕಾಗದಪತ್ರದ ಲೆಕ್ಕ: ಇದನ್ನು ಎರಡು ಸಲ ಓದಿ

ಮನೆಶಾಲೆಯ ಅತಿ ದೊಡ್ಡ ನಷ್ಟ ಇಲ್ಲಿದೆ. ಮಗು ಏಳು ವರ್ಷದ್ದಿರುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಹದಿನೆಂಟಕ್ಕೆ ಗೊತ್ತಾದರೆ ತಡ.

ಸಿಇಟಿ ಬರೆದು ಕರ್ನಾಟಕದ ಸರ್ಕಾರಿ ಕೋಟಾದ ಸೀಟು ಕೇಳುವಾಗ, ನೀವು ಈ ರಾಜ್ಯದಲ್ಲಿ ಓದಿದವರು ಅಂತ ತೋರಿಸಬೇಕು. ಹೆಚ್ಚಿನ ಮಕ್ಕಳು ಬರುವ ಕಲಂ ಪ್ರಕಾರ, ಒಂದನೇ ತರಗತಿಯಿಂದ ಎರಡನೇ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಇರುವ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಸಹಿ ಬೇಕು. ಮನೆಯಲ್ಲಿ ಕಳೆದ ವರ್ಷಗಳಿಗೆ ಈ ಪತ್ರ ಯಾರೂ ಕೊಡುವುದಿಲ್ಲ. ಬೇರೆ ಕಲಂಗಳೂ ಇವೆ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರತಿವರ್ಷ ಹೊರಡಿಸುವ ಸಿಇಟಿ ಪುಸ್ತಿಕೆಯಲ್ಲಿ ಅರ್ಹತೆಯ ಪುಟವನ್ನು ಈಗಲೇ ಓದಿ, ನಿಮ್ಮ ಮನೆಗೆ ಯಾವುದು ಹೊಂದುತ್ತದೆ ನೋಡಿ.

ನಮ್ಮ ಲೆಕ್ಕ ಹೀಗಿತ್ತು. ಒಂದರಿಂದ ಮೂರು, ಮೂರು ವರ್ಷ. ಎಂಟು, ಒಂಬತ್ತು, ಹತ್ತು, ಮತ್ತೆ ಮೂರು ವರ್ಷ. ಪಿಯುಸಿ ಎರಡು ವರ್ಷ. ಒಟ್ಟು ಎಂಟು. ಏಳಕ್ಕಿಂತ ಒಂದೇ ವರ್ಷ ಹೆಚ್ಚು. ಇನ್ನೆರಡು ವರ್ಷ ಮನೆಯಲ್ಲೇ ಉಳಿಸಿಕೊಂಡಿದ್ದರೆ ಈ ಬಾಗಿಲು ಮುಚ್ಚುತ್ತಿತ್ತು.

ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಹಾಗೆಯೇ, ಹತ್ತು ವರ್ಷ ಕನ್ನಡ ಮಾಧ್ಯಮದ ಶಾಲೆ. ನಡುವೆ ಒಂದು ವರ್ಷ ಬಿಟ್ಟರೂ ಕಷ್ಟ. ತೀರ್ಥಹಳ್ಳಿ ಕಡೆಯ ನನ್ನ ಗೆಳತಿಯೊಬ್ಬಳು ಮಗನನ್ನು ಬಿಡಿಸಲು ಹೊರಟಿದ್ದಳು. ಈ ಲೆಕ್ಕ ಹೇಳಿದ ಮೇಲೆ ಊರಿನ ಶಾಲೆಯಲ್ಲೇ ಇಟ್ಟು, ಸಂಜೆ ಮತ್ತು ರಜೆಯಲ್ಲಿ ತನಗೆ ಬೇಕಾದದ್ದನ್ನು ಕಲಿಸಿದಳು. ಅದೇ ಸರಿಯಾಯಿತು ಅಂತ ನನಗನ್ನಿಸುತ್ತದೆ.

ನವೋದಯ ಪ್ರವೇಶ ಪರೀಕ್ಷೆಗೂ ಮಗು ಅದೇ ಜಿಲ್ಲೆಯ ಮಾನ್ಯತೆ ಪಡೆದ ಶಾಲೆಯಲ್ಲಿ ಐದನೇ ಕ್ಲಾಸು ಓದುತ್ತಿರಬೇಕು. ಪ್ರತಿಭಾ ಕಾರಂಜಿ, ಶಾಲಾ ಕ್ರೀಡಾಕೂಟ ಎಲ್ಲ ಶಾಲೆಯ ಮಕ್ಕಳಿಗೆ.

ಹೀಗಾಗಿ ಒಂದು ಫೈಲ್ ಮಾಡಿ. ಜನನ ಪ್ರಮಾಣಪತ್ರ, ಆಧಾರ್, ಟಿಸಿ, ಎಲ್ಲ ಮಾರ್ಕ್ಸ್ ಕಾರ್ಡ್, ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟ ನಂಬರ್) ಬರೆದ ಚೀಟಿ, ಜಾತಿ ಆದಾಯ ಪತ್ರ, ಲಸಿಕೆ ಕಾರ್ಡ್. ಓದಿದಷ್ಟು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆ ಬಿಡಿಸುವ ದಿನವೇ ಕೇಳಿ ತೆಗೆದುಕೊಳ್ಳಿ. ಹತ್ತು ವರ್ಷದ ನಂತರ ಆ ಶಾಲೆ ಅಲ್ಲೇ ಇರುತ್ತದೆ ಅಂತ ಹೇಳಲಾಗದು.

ಮೊದಲ ಮೂರು ತಿಂಗಳು ಪಾಠ ಬೇಡ

ನಾನು ಮಾಡಿದ ತಪ್ಪು ಇದು. ಜೂನ್ ಒಂದಕ್ಕೆ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಇಂಗ್ಲಿಷ್. ಎರಡನೇ ವಾರ ಹೊಟ್ಟೆನೋವು ವಾಪಸ್ ಬಂತು! ಶಾಲೆಯನ್ನು ಎತ್ತಿ ಅಡುಗೆಮನೆಯ ಪಕ್ಕಕ್ಕೆ ತಂದಿಟ್ಟಿದ್ದೆ, ಅಷ್ಟೇ. ಟೈಂಟೇಬಲ್ ಹರಿದು ಹಾಕಿದೆ.

ಆಮೇಲೆ ಮಳೆಗಾಲ ಮುಗಿಯುವವರೆಗೂ ಅವಳು ಮಾಡಿದ್ದು ಕಥೆ ಓದುವುದು, ಅಜ್ಜಿಯ ಜೊತೆ ಚೌಕಾಬಾರ, ಕಾಗದದ ದೋಣಿ, ಜಗಲಿಯಲ್ಲಿ ಕೂತು ಮಳೆ ನೋಡುವುದು. ನನಗೆ ಒಳಗೊಳಗೇ ಭಯ. ಆದರೆ ಸೆಪ್ಟೆಂಬರಿನಲ್ಲಿ ಅವಳೇ ಬಂದು, "ಅಮ್ಮ, ಗುಣಾಕಾರ ಮರೆತುಹೋಗ್ತಿದೆ, ಸ್ವಲ್ಪ ಹಾಕ್ಕೊಡು" ಅಂದಳು. ಶಾಲೆಯಲ್ಲಿ ನೊಂದು ಬಂದ ಮಗುವಿಗೆ ಈ ಬಿಡುವು ಬೇಕೇ ಬೇಕು. ನೋವಿಲ್ಲದೆ ಬಂದ ಮಗುವಿಗೆ ಇಷ್ಟು ಬೇಡದೆಯೂ ಇರಬಹುದು.

ದಿನ ಹೇಗಿರಲಿ

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ. ಪಾಠ ಅಂತ ನಾವು ಕೂತದ್ದು ಇಷ್ಟೇ. ಹನ್ನೆರಡು ವರ್ಷದೊಳಗಿನ ಒಂದು ಮಗುವಿಗೆ ಎದುರುಬದುರು ಕೂತು ಕಲಿಸುವಾಗ ಎರಡು ಗಂಟೆ ಧಾರಾಳ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಹಾಜರಿ, ಗಲಾಟೆ, ಕಾಯುವುದು ಎಂದು ಹೋಗುವ ಹೊತ್ತು ಇಲ್ಲಿ ಪೂರ್ತಿ ಉಳಿಯುತ್ತದೆ. ಮನೆಶಾಲೆಯ ನಿಜವಾದ ಲಾಭ ಆ ಉಳಿದ ಹೊತ್ತು.

ಆ ಹೊತ್ತಿನಲ್ಲಿ ಏನಾಯಿತು ಅಂತ ಎರಡು ಉದಾಹರಣೆ ಹೇಳುತ್ತೇನೆ.

ನಮ್ಮೂರಿನ ಪೇಪರಿನಲ್ಲಿ ಅಡಿಕೆ ದರ ಬರುತ್ತದೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು, ನಾಲ್ಕಕ್ಕೂ ಬೇರೆ ಬೇರೆ ಬೆಲೆ. ಐದನೇ ಕ್ಲಾಸಿನ ವಯಸ್ಸಿನಲ್ಲಿ ಮಗಳು ದಿನಾ ಅದನ್ನು ನೋಡಿ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದಳು. ನಾಲ್ಕು ಬಣ್ಣದ ಪೆನ್ಸಿಲ್. ಸರಾಸರಿ ಅಂದರೆ ಏನು, ಶೇಕಡಾ ಅಂದರೆ ಏನು ಅಂತ ಅವಳಿಗೆ ಪುಸ್ತಕದಲ್ಲಿ ಹೇಳಿಕೊಡಬೇಕಾಗಲೇ ಇಲ್ಲ. "ಅಜ್ಜ ಹೋದ ತಿಂಗಳು ಮಾರಿದ್ರೆ ಎಷ್ಟು ಜಾಸ್ತಿ ಸಿಗ್ತಿತ್ತು?" ಅನ್ನುವ ಒಂದೇ ಪ್ರಶ್ನೆ ಮೂರು ವಾರದ ಗಣಿತವಾಯಿತು. ರಾಶಿಗೂ ಸರಕಿಗೂ ಯಾಕಿಷ್ಟು ವ್ಯತ್ಯಾಸ ಅಂತ ತೋಟಕ್ಕೆ ಹೋಗಿ ಅಜ್ಜನನ್ನೇ ಕೇಳಿದಳು.

ಇನ್ನೊಂದು, ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಶಾಲೆಯವರು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಬಂದು ಅರ್ಧ ಗಂಟೆ ನಿಲ್ಲಿಸುತ್ತಾರೆ. ನಾವು ಜುಲೈನಿಂದ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೋದೆವು. ಗೂಡು ಕಟ್ಟುವುದು, ಕಾವು ಕೂರುವುದು, ಮರಿಗೆ ತುತ್ತು ಕೊಡುವುದು, ಮರ ಖಾಲಿಯಾಗುವುದು, ಎಲ್ಲವನ್ನೂ ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟಳು. ಕಾಯುವುದನ್ನು ಕಲಿತಳು. ಅವಳ ಕನ್ನಡ ಬರವಣಿಗೆ ತಿದ್ದಿದ್ದೂ ಆ ಪುಸ್ತಕವೇ.

ನಿಮ್ಮೂರಿನಲ್ಲೂ ಇಂಥದ್ದು ಇದ್ದೇ ಇರುತ್ತದೆ. ದೇವಸ್ಥಾನದ ಪಕ್ಕ ಒಂದು ವೀರಗಲ್ಲು, ವಾರದ ಸಂತೆ, ಕಂಬಾರರ ಕುಲುಮೆ, ಕೆರೆ ಕೋಡಿ. ದೂರ ಹೋಗಬೇಕಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ಪಾಠ ಇವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ಬೇಕಾದಷ್ಟು ಸಿಗುತ್ತವೆ. ಕಸದಿಂದ ವಿಜ್ಞಾನದ ಆಟಿಕೆ ಮಾಡುವ ಅರವಿಂದ ಗುಪ್ತ ಅವರ ವೆಬ್‌ಸೈಟ್ ನಮ್ಮ ಮನೆಯಲ್ಲಿ ಭಾನುವಾರದ ಪಾಠಶಾಲೆಯಾಗಿತ್ತು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ, ಹೋಗಿ ಮಗುವನ್ನು ಸದಸ್ಯ ಮಾಡಿಸಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯ, ನೆಹರು ತಾರಾಲಯ, ವಿಶ್ವೇಶ್ವರಯ್ಯ ಮ್ಯೂಸಿಯಂ. ಮಂಗಳೂರಿನವರಿಗೆ ಪಿಲಿಕುಳ ನಿಸರ್ಗಧಾಮ.

ಒಂದು ಮಾತ್ರ ಶಾಲೆಯ ಹಾಗೇ ಕಟ್ಟುನಿಟ್ಟಾಗಿರಲಿ. ದಿನಾ ರಾತ್ರಿ ಆ ದಿನ ಏನು ಮಾಡಿದಿರಿ ಅಂತ ತಾರೀಖು ಹಾಕಿ ನಾಲ್ಕು ಸಾಲು ಬರೆಯಿರಿ. ಮೇಷ್ಟ್ರು ಬಂದಾಗ ತೋರಿಸಲು ಬೇಕು, ಮತ್ತೆ ಸೇರಿಸುವಾಗ ಬೇಕು.

ನಮ್ಮಿಂದ ಆಗದೇ ಹೋದದ್ದು

ನನಗೆ ಬರುವುದನ್ನು ಅವಳು ಚೆನ್ನಾಗಿ ಕಲಿತಳು. ನನಗೆ ಬಾರದ್ದು ಅವಳಿಗೂ ಬರಲಿಲ್ಲ. ಹಿಂದಿ ಅಷ್ಟಕ್ಕಷ್ಟೇ. ರೇಖಾಗಣಿತ ತಳ್ಳಿಕೊಂಡು ಹೋದೆವು. ಇಂಗ್ಲಿಷ್ ಓದುತ್ತಿದ್ದಳು, ಮಾತಾಡುವಾಗ ತಡವರಿಸುತ್ತಿದ್ದಳು. ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. ಎಂಟನೇ ಕ್ಲಾಸಿಗೆ ಹೋದಾಗ ಕೊಟ್ಟ ಹೊತ್ತಿನೊಳಗೆ ಪರೀಕ್ಷೆ ಬರೆದು ಮುಗಿಸಲು ಅವಳಿಂದ ಆಗಲಿಲ್ಲ. ಉತ್ತರ ಗೊತ್ತು, ಕೈ ಓಡುವುದಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ. ಅವಳು ಅತ್ತಳು, ನಾನೂ ಅತ್ತೆ.

ಇದಕ್ಕೆ ಪರಿಹಾರ ಸುಲಭ ಇತ್ತು, ಮಾಡಲಿಲ್ಲ. ನೀವು ಮಾಡಿ. ಮೂರು ತಿಂಗಳಿಗೊಮ್ಮೆ ಹೊರಗಿನವರೊಬ್ಬರ ಕೈಲಿ, ನಿವೃತ್ತ ಮೇಷ್ಟ್ರೋ ಪರಿಚಯದ ಟೀಚರೋ, ಮಗುವಿಗೆ ಪರೀಕ್ಷೆ ಮಾಡಿಸಿ. ಗಡಿಯಾರ ಇಟ್ಟು ಬರೆಸಿ. ತಾಯಿಯ ಕಣ್ಣಿಗೆ ಮಗುವಿನ ಕೊರತೆ ಕಾಣುವುದು ಕಷ್ಟ. ಕಂಡರೂ "ನಾಳೆ ಸರಿಹೋಗುತ್ತೆ" ಅನಿಸುತ್ತದೆ.

ನಾಲ್ಕು ಗಂಟೆಯ ಗೇಟು

ನನಗೆ ಈಗಲೂ ಕಾಡುವುದು ಇದು. ಮೂರನೇ ವರ್ಷದಲ್ಲಿ ಮಗಳು ಸಂಜೆ ನಾಲ್ಕಕ್ಕೇ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೀದಿಯ ಮಕ್ಕಳು ಶಾಲೆಯಿಂದ ಬರುವುದು ನಾಲ್ಕೂವರೆಗೆ. ಆ ಅರ್ಧ ಗಂಟೆ ಅವಳು ಸರಳು ಹಿಡಿದು ನಿಂತಿರುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಕ್ಕಳು ಬಂದು ಶಾಲೆಯ ಸುದ್ದಿ ಮಾತಾಡುವಾಗ ಇವಳಿಗೆ ಸೇರಿಸಲು ಏನೂ ಇರುತ್ತಿರಲಿಲ್ಲ.

"ಮನೆಯಲ್ಲಿ ಓದುವ ಮಕ್ಕಳು ಎಲ್ಲ ವಯಸ್ಸಿನವರ ಜೊತೆ ಬೆರೆಯುತ್ತಾರೆ" ಅಂತ ಹೇಳುವವರಿದ್ದಾರೆ. ದೊಡ್ಡವರ ಜೊತೆ ಬೆರೆಯುತ್ತಾರೆ, ನಿಜ. ನನ್ನ ಮಗಳು ಬಸ್ಸಿನಲ್ಲಿ ಯಾರ ಜೊತೆ ಬೇಕಾದರೂ ಮಾತಾಡುತ್ತಾಳೆ. ಆದರೆ ಓರಗೆಯವರ ಜೊತೆ ಮುನಿಸಿಕೊಂಡು, ಠೂ ಬಿಟ್ಟು, ಮತ್ತೆ ಸೇರುವುದು ಬೇರೆಯೇ ಕಲಿಕೆ. ಅದಕ್ಕೆ ಪ್ರತಿದಿನ ಅದೇ ಮಕ್ಕಳು ಬೇಕು.

ಇನ್ನೂ ಒಂದು ವಿಷಯ ಇದೆ. ಶಾಲೆಯಲ್ಲಿ, ಅದರಲ್ಲೂ ಸರ್ಕಾರಿ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ, ಕೂಲಿಯವರ, ಅಂಗಡಿಯವರ ಮಕ್ಕಳು ಕೂರುತ್ತಾರೆ, ಒಟ್ಟಿಗೆ ಬಿಸಿಯೂಟ ಮಾಡುತ್ತಾರೆ. ಮನೆಯಲ್ಲಿ ಓದುವ ಮಗುವಿಗೆ ಸಿಗುವುದು ನಮ್ಮ ನೆಂಟರ ಮಕ್ಕಳು, ನಮ್ಮ ಗೆಳೆಯರ ಮಕ್ಕಳು. ನಮ್ಮ ಹಾಗೇ ಇರುವವರು. ಪುಸ್ತಕದಿಂದ ಇದನ್ನು ತುಂಬಿಕೊಡಲು ಆಗುವುದಿಲ್ಲ.

ನಾವು ಮಾಡಿದ್ದು ಏನೆಂದರೆ, ವಾರದಲ್ಲಿ ಐದು ದಿನ ಖೋಖೋ. ನಾನಾ ಕಡೆಯ ಮಕ್ಕಳು ಬರುವ ಮೈದಾನ. ಅವಳನ್ನು ಅದು ಉಳಿಸಿತು ಅಂತಲೇ ಹೇಳುತ್ತೇನೆ. ಸಂಗೀತ, ಯಕ್ಷಗಾನ, ಈಜು ಏನಾದರೂ ಸರಿ, ಆದರೆ ವಾರಕ್ಕೊಂದು ದಿನದ ಕ್ಲಾಸು ಸಾಲದು. ಕನಿಷ್ಠ ನಾಲ್ಕು ದಿನ, ಅದೇ ಗುಂಪು, ಬೇರೆ ಬೇರೆ ಮನೆಗಳ ಮಕ್ಕಳು. ಇದು ಸಿಗದ ಊರಿನಲ್ಲಿ, ಒಂದೇ ಮಗು ಇರುವ ಮನೆಯಲ್ಲಿ, ಬಿಡಿಸುವ ಮೊದಲು ಬಹಳ ಯೋಚನೆ ಮಾಡಿ.

ಹೊರಗಿನ ದೊಡ್ಡವರೊಬ್ಬರ ಜೊತೆಗೂ ಮಗುವಿಗೆ ಸಲುಗೆ ಇರಲಿ. ಮನೆಯೊಳಗೆ ಏನಾದರೂ ತಪ್ಪು ನಡೆದರೆ ಶಾಲೆಯ ಟೀಚರ್ ಗಮನಿಸುವ ಸಾಧ್ಯತೆ ಇರುತ್ತದೆ. ಮನೆಶಾಲೆಯ ಮಗುವಿಗೆ ಆ ಕಣ್ಣು ಇಲ್ಲ. ಮಕ್ಕಳ ಸಹಾಯವಾಣಿ 1098 ಅಂತ ಮಗುವಿಗೇ ಹೇಳಿಕೊಡಿ, ನಿಮ್ಮ ಮನೆ ಎಷ್ಟೇ ಒಳ್ಳೆಯದಾಗಿರಲಿ.

ಶಾಲೆಯಲ್ಲಿ ತಾನಾಗಿ ಸಿಗುತ್ತಿದ್ದ ಆರೋಗ್ಯ

5-6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16ಕ್ಕೆ ಟಿಡಿ ಲಸಿಕೆ. ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಕಣ್ಣು ಹಲ್ಲು ತಪಾಸಣೆ. ಇವೆಲ್ಲ ಶಾಲೆಯ ಮೂಲಕ ಮಕ್ಕಳಿಗೆ ತಲುಪುತ್ತವೆ. ಮನೆಯಲ್ಲಿದ್ದರೆ ನೀವೇ ನೆನಪಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆಯ ನಂಬರ್ ಇಟ್ಟುಕೊಳ್ಳಿ.

ಹತ್ತನೇ ಕ್ಲಾಸಿನ ದಾರಿಗಳು

ಮುಂದೆಯೂ ಮನೆಯಲ್ಲೇ ಅಂತಾದರೆ ಹೆಚ್ಚಿನವರು ಹೋಗುವುದು ಎನ್‌ಐಒಎಸ್‌ಗೆ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ. ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾದದ್ದು. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಪಾಸಾಗಬೇಕು. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ, ಐದು ವರ್ಷದಲ್ಲಿ ಒಂಬತ್ತು ಅವಕಾಶ ಇದೆ. ಒಂದೊಂದೇ ವಿಷಯ ಮುಗಿಸಬಹುದು. ಓದಲು ನಿಧಾನವಾದ ಮಗುವಿಗೆ, ಆಟದಲ್ಲಿ ಮುಂದಿರುವ ಮಗುವಿಗೆ ಇದು ದೊಡ್ಡ ಅನುಕೂಲ. ಚಿಕ್ಕ ಮಕ್ಕಳಿಗೆ ಮೂರು, ಐದು, ಎಂಟನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳೂ ಇವೆ. ಕಲಿಕೆಯ ಮಾಧ್ಯಮ, ಪರೀಕ್ಷಾ ಕೇಂದ್ರ ಎರಡನ್ನೂ ಸೇರುವ ಮೊದಲೇ ಬೆಂಗಳೂರಿನ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿ.

ಸರ್ಟಿಫಿಕೇಟಿಗೆ ಬೆಲೆ ಇದೆಯಾ ಅಂತ ಕೇಳುತ್ತಾರೆ. ಇದೆ. ಆದರೂ ಎಚ್ಚರ ಬೇಕು. 2018ರಲ್ಲಿ ನೀಟ್‌ಗೆ ಮುಕ್ತ ಶಾಲೆಯವರು ಬರುವಂತಿಲ್ಲ ಅಂತ ನಿಯಮ ಬಂದಿತ್ತು. ದೆಹಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಕೋರ್ಟಿನವರೆಗೆ ಹೋಗಬೇಕಾಯಿತು ಅನ್ನುವುದನ್ನು ನೆನಪಿಡಿ. ಮಗು ಯಾವ ಕೋರ್ಸಿನ ಕನಸು ಕಾಣುತ್ತಿದೆಯೋ ಅದರ ಅರ್ಹತೆಯ ನಿಯಮವನ್ನು ಪ್ರತಿವರ್ಷ ಓದಿ.

ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು ಇನ್ನೊಂದು ದಾರಿ. ಅದಕ್ಕೆ ವಯಸ್ಸಿನ ಮಿತಿ ಇದೆ, ಹತ್ತಿರದ ಹೈಸ್ಕೂಲಿನ ಮೂಲಕ ವಿಚಾರಿಸಿ. ವಿದೇಶಿ ಬೋರ್ಡಿನ ಹತ್ತನೇ ತರಗತಿ ಮಟ್ಟದ ಪರೀಕ್ಷೆಯಾದ ಕೇಂಬ್ರಿಡ್ಜ್ ಐಜಿಸಿಎಸ್‌ಇ ಬರೆಯುವವರೂ ಇದ್ದಾರೆ, ದುಡ್ಡು ಬಹಳ.

ಪ್ರತಿ ಮಾರ್ಚ್‌ನಲ್ಲಿ ಮತ್ತೆ ಕೇಳಿ

ಮನೆಶಾಲೆಯನ್ನು ಹತ್ತು ವರ್ಷಕ್ಕೆ ಒಟ್ಟಿಗೆ ತೀರ್ಮಾನ ಮಾಡಬೇಡಿ. ಒಂದು ವರ್ಷಕ್ಕೆ ಮಾಡಿ. ಮಾರ್ಚ್ ಬಂದಾಗ ಮಗುವನ್ನು ಕೂರಿಸಿಕೊಂಡು ಕೇಳಿ, ಜೂನ್‌ನಲ್ಲಿ ಏನು ಮಾಡೋಣ ಅಂತ. "ಮನೆಯೇ ಚೆನ್ನಾಗಿದೆ ಅಲ್ವಾ?" ಅಂತ ಕೇಳಬೇಡಿ. ಅಮ್ಮನ ಮುಖ ನೋಡಿ ಮಗು ಹೌದು ಅನ್ನುತ್ತದೆ. ಅಪ್ಪನೋ ಅಜ್ಜಿಯೋ ಕೇಳಿದರೆ ನಿಜ ಹೊರಬರುತ್ತದೆ.

ವಾಪಸ್ ಸೇರಿಸುವಾಗ ಕಾನೂನು ನಿಮ್ಮ ಕಡೆ ಇದೆ, ಎಂಟನೇ ಕ್ಲಾಸಿನವರೆಗೆ. 6ರಿಂದ 14 ವರ್ಷದ ಮಗುವನ್ನು ಅದರ ವಯಸ್ಸಿಗೆ ಸರಿಯಾದ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಟಿಸಿ ತಡವಾಯಿತು ಅಂತ ನಿರಾಕರಿಸುವ ಹಾಗಿಲ್ಲ. ಒಂಬತ್ತಕ್ಕೆ, ಹತ್ತಕ್ಕೆ ನೇರವಾಗಿ ಸೇರಿಸುವುದು ಇಷ್ಟು ಸಲೀಸಲ್ಲ. ನಾವು ಎಂಟನ್ನೇ ಗಡಿ ಅಂತ ಇಟ್ಟುಕೊಂಡದ್ದು ಇದಕ್ಕೇ.

ನಾಲ್ಕನೇ ಮಾರ್ಚ್‌ನಲ್ಲಿ ನಮ್ಮವರು ಕೇಳಿದಾಗ ಮಗಳು, "ನಂಗೆ ಪಕ್ಕದಲ್ಲಿ ಕೂರೋಕೆ ಯಾರಾದ್ರೂ ಬೇಕು" ಅಂದಳು. ಜೂನ್ ಮೊದಲ ವಾರ ಸರ್ಕಾರಿ ಹೈಸ್ಕೂಲಿಗೆ ಹೋದೆವು. ಫೈಲ್ ಕೊಟ್ಟೆವು, ಜೊತೆಗೆ ನಾಲ್ಕು ವರ್ಷದ ನೋಟ್‌ಬುಕ್‌ಗಳನ್ನೂ ಕೊಟ್ಟೆವು. ಹೆಡ್‌ಮಿಸ್ ಒಂದೊಂದೇ ತಿರುವುತ್ತಾ ಅಡಿಕೆ ದರದ ಹಾಳೆಗೆ ಬಂದು ನಿಂತರು. ಕನ್ನಡಕ ಏರಿಸಿಕೊಂಡು ಬಣ್ಣದ ಗೆರೆಗಳ ಮೇಲೆ ಬೆರಳಿಟ್ಟು ನೋಡಿದರು. "ಈ ರಾಶಿ ಇಲ್ಲಿ ಇಷ್ಟು ಇಳಿದಿದ್ದು ಯಾವ ತಿಂಗಳಮ್ಮ?" ಅಂತ ಅವಳನ್ನೇ ಕೇಳಿದರು. ಅವರ ಮನೆಯಲ್ಲೂ ತೋಟ ಇತ್ತಂತೆ. ಮಗಳು ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತು ವಿವರಿಸಲು ಶುರುಮಾಡಿದಳು. ನಾನು ಹೊರಗಿನ ಬೆಂಚಿನಲ್ಲಿ ಕೂತು ಪ್ರವೇಶದ ಅರ್ಜಿ ತುಂಬಿದೆ.